ಅಜ್ಜಿಯ ಹಳೇ ನರ್ಸ್ ಯೂನಿಫಾರ್ಮ್: ಗುಂಡಿಗಳೇ ಇಲ್ಲವಲ್ಲ?

ಮೊಮ್ಮಗಳು: ಟ್ರಂಕಿನಲ್ಲಿ ಅಜ್ಜಿಯ ಬಿಳಿ ಯೂನಿಫಾರ್ಮ್ ಸಿಕ್ಕಿತು, 1950ರ ದಶಕದ್ದು. ಮುಂದೆ ಎರಡೂ ಬದಿ ಬರೀ ಕಾಜ! ಗುಂಡಿಗಳು ಬೇರೆ ಡಬ್ಬಿಯಲ್ಲಿವೆ, ಹಿಂದೆ ಪುಟ್ಟ ರಿಂಗು. ಟೋಪಿ ಅಂತ ಇರೋದು ಒಂದು ಚಪ್ಪಟೆ ಬಟ್ಟೆ. ಯಾರಿಗಾದ್ರೂ ಗೊತ್ತಾ?

ನಿವೃತ್ತ ಸಿಸ್ಟರ್: ಸರಿಯಾಗೇ ಇದೆ ಪುಟ್ಟಾ. ಬಟ್ಟೆ ಕುದಿಸಿ ಒಗೆಯುತ್ತಿದ್ದರು, ಅದಕ್ಕೇ ಗುಂಡಿ ಬಿಚ್ಚಿಡೋದು. ಟೋಪಿಗೆ ದಪ್ಪ ಗಂಜಿ, ಚಪ್ಪಟೆಯಾಗೇ ಇಸ್ತ್ರಿ, ಆಮೇಲೆ ಮಡಚಿ ಪಿನ್ನು. ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಜೋಲುತ್ತಿತ್ತು. ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಕಣ್ಣಿಗೆ ಮೊದಲು ಬೀಳೋದೂ ಅದೇ!

ಹಳೇ ಕಡತ: ತರಬೇತಿಯ ಕಥೆಯೂ ಚೆನ್ನಾಗಿದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ ಶುರುವಾಗಿದ್ದು 1860ರಲ್ಲಿ. ಆಗ ಒಂದೇ ವರ್ಷದ ತರಬೇತಿ. ವೆಲ್ಲೂರಿನಲ್ಲಿ ಅಮೆರಿಕನ್ ಮಿಷನರಿ ಡಾಕ್ಟರ್ ಐಡಾ ಸ್ಕಡರ್ 1909ರಲ್ಲೇ ನರ್ಸಿಂಗ್ ಶಾಲೆ ತೆರೆದರು. 1946ರಲ್ಲಿ ಅಲ್ಲೂ ದೆಹಲಿಯಲ್ಲೂ ಪದವಿ ಕೋರ್ಸ್ ಬಂತು. ದೇಶಕ್ಕೆಲ್ಲ ಒಂದೇ ತರಬೇತಿ ಮಟ್ಟ ಇರಲಿ ಅಂತ ಮಾಡಿದ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರದ್ದು. ಅಜ್ಜಿ ಓದಿದ್ದು ಎಲ್ಲಿ?

ಮೊಮ್ಮಗಳು: ಮೈಸೂರು ಕಡೆ. ಸಿಸ್ಟರ್, ಗಂಜಿ ಅನ್ನದ್ದಾ?

ನಿವೃತ್ತ ಸಿಸ್ಟರ್: ನಮ್ಮದು ಸಬ್ಬಕ್ಕಿ ಗಂಜಿ, ಜೊತೆಗೆ ಚೂರು ನೀಲಿ. ಈಗ ಎತ್ತಿಡೋ ಬಟ್ಟೆಗೆ ಮಾತ್ರ ಗಂಜಿ ಹಾಕಬೇಡಿ, ಹುಳ ಹಿಡಿಯುತ್ತದೆ.