ಹೊಳೆಬದಿಯ ಹಂಚಿನ ಕಾರ್ಖಾನೆಯ ಜಾಗ: ಮಣ್ಣು ತುಂಬಿಸಿದರೆ ಮರ ಉಳಿಯುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ಮಂಗಳೂರಿನ ಹತ್ತಿರ ಗುರುಪುರ ಹೊಳೆಯ ದಂಡೆಯಲ್ಲಿ ನಮ್ಮ ಅಜ್ಜನ ಕಾಲದ ಹಂಚಿನ ಕಾರ್ಖಾನೆಯ ಜಾಗವಿದೆ, ಮೂರು ಎಕರೆಗೆ ತುಸು ಕಡಿಮೆ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಈಗ ಬಿಲ್ಡರ್ ಒಬ್ಬರಿಗೆ ಜಂಟಿ ಅಭಿವೃದ್ಧಿಗೆ ಕೊಡುವ ಮಾತುಕತೆ ನಡೆದಿದೆ. ಹೊಳೆಬದಿಯಲ್ಲಿ ದೊಡ್ಡದೊಂದು ಗೋಳಿಮರ (ಆಲ), ಹೊಂಗೆಯ ಸಾಲು, ಎರಡು ಕಾಟುಮಾವು (ಕಾಡುಮಾವು), ದೋಣಿ ನಿಲ್ಲುತ್ತಿದ್ದ ಹಳೆಯ ಧಕ್ಕೆಯ ಪಕ್ಕ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. “ಒಂದು ಮರವನ್ನೂ ಕಡಿಯುವುದಿಲ್ಲ, ನೆರೆ ಬಾರದಂತೆ ಜಾಗವನ್ನು ಒಂದೂವರೆ ಮೀಟರ್ ಎತ್ತರಿಸುತ್ತೇವೆ ಅಷ್ಟೆ” ಎನ್ನುತ್ತಾರೆ ಬಿಲ್ಡರ್. ಮರ ಕಡಿಯಬಾರದು ಎಂದು ಒಪ್ಪಂದದಲ್ಲಿ ಬರೆಸಿದರೆ ಸಾಕೇ?

ಉತ್ತರ: ಸಾಕಾಗುವುದಿಲ್ಲ ಮೇಡಂ. ಆ ಒಂದೂವರೆ ಮೀಟರ್ ಮಣ್ಣೇ ನಿಮ್ಮ ಗೋಳಿಮರಕ್ಕೆ ಕೊಡಲಿಯೇಟು.

ಮರ ನೀರು, ಉಸಿರು ಎರಡನ್ನೂ ಪಡೆಯುವ ಹೀರುಬೇರುಗಳು ಆಳದಲ್ಲಿರುವುದಿಲ್ಲ. ಹೆಚ್ಚಿನವು ಮೇಲಿನ ಎರಡು ಅಡಿಯೊಳಗೇ, ಕೊಂಬೆಗಳ ನೆರಳಿಗಿಂತ ಆಚೆಯವರೆಗೂ ಹರಡಿರುತ್ತವೆ. ಅದರ ಮೇಲೆ ಕೆಂಪು ಮಣ್ಣು ಸುರಿದು ರೋಲರ್ ಓಡಿಸಿದರೆ ಬೇರಿಗೆ ಗಾಳಿ ನಿಲ್ಲುತ್ತದೆ. ಮರ ಅಂದೇ ಸಾಯುವುದಿಲ್ಲ. ಅದೇ ಎಲ್ಲರನ್ನೂ ಮೋಸಗೊಳಿಸುವುದು. ಹೀಗೆ ಮಣ್ಣು ತುಂಬಿಸಿದ ಜಾಗದಲ್ಲಿ ನಾನು ನೋಡಿದ ಒಂದು ಮಳೆಮರ ಮೂರನೆಯ ಬೇಸಗೆಯಲ್ಲಿ ತುದಿಯಿಂದ ಒಣಗತೊಡಗಿತು. ಬುಡ ಬಿಡಿಸಿದಾಗ ಮಣ್ಣು ಕಪ್ಪಾಗಿ, ಹುಳಿ ನಾತ ಹೊಡೆಯುತ್ತಿತ್ತು. ತೊಗಟೆ ಕೈಯಲ್ಲೇ ಕಳಚಿ ಬಂತು. ಅಷ್ಟರಲ್ಲಿ ಮನೆಗಳೆಲ್ಲ ಮಾರಾಟವಾಗಿ ಗುತ್ತಿಗೆದಾರರು ಹೊರಟುಹೋಗಿದ್ದರು. ನೀವೇ ಪರೀಕ್ಷಿಸಬಹುದು: ಆರೋಗ್ಯವಂತ ಮರದ ಬುಡ ನೆಲ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಕಂಬ ನೆಟ್ಟಂತೆ ನೇರವಾಗಿ ನೆಲಕ್ಕಿಳಿದಿದ್ದರೆ ಬುಡ ಹೂತುಹೋಗಿದೆ ಎಂದೇ ಲೆಕ್ಕ.

ನಿಮ್ಮ ಜಾಗ ತಗ್ಗಾಗಿರುವುದು ಆಕಸ್ಮಿಕವಲ್ಲ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬಂದ ಕಾರ್ಖಾನೆಗಳೂ ಹೊಳೆಯನ್ನೇ ಹುಡುಕಿಕೊಂಡು ಹೋದವು; ಆವೆಮಣ್ಣು ಬರುತ್ತಿದ್ದುದು ದೋಣಿಯಲ್ಲಿ. ದೋಣಿಯಿಂದ ಮಣ್ಣು ಇಳಿಸಲು ಅನುಕೂಲವಾದ ಆ ಮಟ್ಟಕ್ಕೇ ನಿಮ್ಮ ಮರಗಳು ಬೇರು ಬಿಟ್ಟಿವೆ. ಆದ್ದರಿಂದ ಕಟ್ಟಡದ ನಕ್ಷೆಗೆ ಮೊದಲು ಜಾಗದ ಮಟ್ಟದ ಸರ್ವೆ ಮಾಡಿಸಿ. ಪ್ರತಿ ಮರದ ಬುಡದ ಎತ್ತರ ಅದರಲ್ಲಿ ದಾಖಲಾಗಲಿ.

ಅನಂತರ ಟೇಪು ಹಿಡಿಯಿರಿ. ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ 3 ಮೀಟರ್ ಇದ್ದರೆ ವ್ಯಾಸ ಸುಮಾರು 95 ಸೆಂಟಿಮೀಟರ್. ಅದರ 12 ಪಟ್ಟು, ಅಂದರೆ ಸುಮಾರು 11.5 ಮೀಟರ್ ತ್ರಿಜ್ಯದ ವೃತ್ತದೊಳಗೆ ಅಗೆತ, ತುಂಬಿಸುವಿಕೆ, ಲಾರಿ, ಸಿಮೆಂಟ್ ತೊಳೆದ ನೀರು ಯಾವುದೂ ಬರಬಾರದು. ಗೋಳಿಯ ಬಿಳಲುಗಳು ನೆಲಕ್ಕಿಳಿದು ಕಂಬಗಳಾಗಿದ್ದರೆ ಅವುಗಳ ಜಾಗವನ್ನೂ ಸೇರಿಸಿ. ಬೇಲಿ ಹಾಕಬೇಕಾದದ್ದು ಹಳೆಯ ಶೆಡ್ ಕೆಡವುವುದಕ್ಕೆ ಮೊದಲು. ಜೆಸಿಬಿ ಒಳಗೆ ಬಂದ ಮೊದಲ ವಾರದಲ್ಲೇ ಹೆಚ್ಚಿನ ಹಾನಿ ಆಗಿಹೋಗುವುದನ್ನು ಕಂಡು ಹೇಳುತ್ತಿದ್ದೇನೆ.

ನೆರೆಯ ಭಯ ನಿಜವಾದದ್ದೇ. ಅದಕ್ಕೆ ಕಟ್ಟಡವನ್ನು ಕಂಬಗಳ ಮೇಲೆ ಎತ್ತರಿಸಿ, ಕೆಳಗೆ ವಾಹನ ನಿಲ್ಲಿಸಲಿ. ಹೊಳೆಬದಿಯ ಪಟ್ಟಿ ಹಳೆಯ ಮಟ್ಟದಲ್ಲೇ ಇರಲಿ. ಎಲ್ಲಾದರೂ ಎತ್ತರಿಸಲೇಬೇಕಾದರೆ ಕೆಂಪುಕಲ್ಲಿನ ತಡೆಗೋಡೆ ವೃತ್ತದ ಹೊರಗೆ ಬರಲಿ, ಮರದ ಬಳಿ ಮಳೆನೀರು ಕಟ್ಟಿಕೊಳ್ಳದಂತೆ ಹೊಳೆಯ ಕಡೆಗೆ ದಾರಿ ಇರಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಕಾಂಡ್ಲಾ ಗಿಡಗಳಿಂದ ಸೊಳ್ಳೆ, ಕೆಸರಿನ ವಾಸನೆ ಎಂದು ನಮ್ಮಲ್ಲಿ ಅವುಗಳ ಹಿಂದೆ ಕಾಂಕ್ರೀಟ್ ಗೋಡೆ ಕಟ್ಟಿದರು. ಗಿಡ ಕಡಿಯಲಿಲ್ಲವಲ್ಲ, ತೊಂದರೆಯೇನು?

ಉತ್ತರ: ಅದು ಗೋಡೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕಾಂಡ್ಲಾಕ್ಕೆ ಉಬ್ಬರದ ನೀರು ಬಂದು ಇಳಿದು ಹೋಗಬೇಕು. ಕೆಸರಿನಿಂದ ಪೆನ್ಸಿಲ್ಲಿನಂತೆ ಮೇಲೆ ಚಾಚಿರುವ ಬೇರುಗಳನ್ನು ನೋಡಿದ್ದೀರಲ್ಲ, ಉಪ್ಪಟ್ಟಿ ಎಂಬ ಜಾತಿಯ ಕಾಂಡ್ಲಾ ಗಿಡ ಉಸಿರಾಡುವುದು ಅವುಗಳಿಂದ. ಗೋಡೆಯೋ ಕಿರಿದಾದ ಮೋರಿಯೋ ನೀರನ್ನು ತಡೆದು ನಿಲ್ಲಿಸಿದರೆ ಆ ಬೇರುಗಳು ಮುಳುಗಿ ಗಿಡ ಸಾಯುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಮೊದಲಿಗಿಂತ ಹೆಚ್ಚುತ್ತದೆ. ದಂಡೆಯನ್ನು ಹಿಡಿದಿಟ್ಟಿರುವುದೂ ಆ ಗಿಡಗಳೇ.

ಕಾನೂನಿನ ಮಾತೂ ಇದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ, ಉಬ್ಬರದ ಪ್ರಭಾವವಿರುವ ಹೊಳೆಗಳಲ್ಲಿ ಉಬ್ಬರದ ನೀರು ಏರುವ ಗಡಿಯಾದ ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣಕ್ಕೆ ಒಳಪಡುತ್ತದೆ. ಕಾಂಡ್ಲಾ ವನ ಅತಿ ಸೂಕ್ಷ್ಮ ವರ್ಗದಲ್ಲಿದೆ. ಇನ್ನು ಮರಗಳ ವಿಷಯ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ. ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು; 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು.

ಪ್ರಶ್ನೆ (ಮೊದಲಿನವರು): ಧನ್ಯವಾದ ಸರ್. ಕಾಟುಮಾವು ಎರಡನ್ನೂ ಬೇರು ಸಹಿತ ಕಿತ್ತು ಬೇರೆಡೆ ನೆಡುತ್ತೇವೆ ಎನ್ನುತ್ತಾರೆ. ಹಂಚು ಸುಡುತ್ತಿದ್ದ ಒಲೆಯ ಬೂದಿ, ಎಣ್ಣೆ ಬಿದ್ದ ಮಣ್ಣನ್ನೆಲ್ಲ ಕೆರೆದು ತೆಗೆಯಬೇಕಂತೆ. ಒಪ್ಪಬಹುದೇ?

ಉತ್ತರ: ಮಾವಿನ ವಿಷಯದಲ್ಲಿ ಒಪ್ಪಬೇಡಿ. ಗೋಳಿ, ಅಶ್ವತ್ಥಗಳು ಸ್ಥಳಾಂತರವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಅಷ್ಟು ವಯಸ್ಸಾದ ಕಾಟುಮಾವು ಉಳಿಯುವ ಭರವಸೆ ನಾನು ಕೊಡಲಾರೆ. ಮರಕ್ಕೆ ತಾಗುವಂತೆ ರಸ್ತೆ ಬರುವುದಾದರೆ ಅದನ್ನು ನಾಲ್ಕು ಮೀಟರ್ ಬಾಗಿಸುವುದು ಅದಕ್ಕಿಂತ ಸುಲಭ.

ಮಣ್ಣನ್ನು ಪರೀಕ್ಷಿಸದೆ ಕೆರೆಯಲು ಬಿಡಬೇಡಿ. ಬೂದಿಗುಡ್ಡೆ, ಯಂತ್ರದ ಕೋಣೆ, ಡೀಸೆಲ್ ಪೀಪಾಯಿ ಇಡುತ್ತಿದ್ದ ಮೂಲೆ ಇವುಗಳಿಂದ ಬೇರೆ ಬೇರೆ ಮಾದರಿ ತೆಗೆದು, ಭಾರಲೋಹ ಮತ್ತು ಎಣ್ಣೆಯಂಶಕ್ಕಾಗಿ ಪ್ರಯೋಗಾಲಯಕ್ಕೆ ಕಳುಹಿಸಿ. ಕೆಟ್ಟ ಮಣ್ಣು ಬೇರಿನ ವೃತ್ತದೊಳಗೇ ಇದ್ದರೆ ಯಂತ್ರ ಬೇಡ, ಕೈಯಿಂದ ಸ್ವಲ್ಪ ಸ್ವಲ್ಪವೇ ತೆಗೆದು ಅಂದೇ ಒಳ್ಳೆಯ ಮಣ್ಣು ಮುಚ್ಚಬೇಕು. ಒಡೆದ ಹಂಚಿನ ಚೂರುಗಳಿಗೆ ಹೆದರಬೇಡಿ, ಅವುಗಳ ಸಂದಿಯಲ್ಲೇ ಬೇರುಗಳು ನೆಮ್ಮದಿಯಾಗಿವೆ.

ಪ್ರಶ್ನೆ (ಮೊದಲಿನವರು): ಇಂದು ಬೆಳಿಗ್ಗೆ ಅಣ್ಣನೊಂದಿಗೆ ಹೋಗಿ ಅಳೆದೆವು. ಗೋಳಿಯ ಸುತ್ತಳತೆ 3.4 ಮೀಟರ್. ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ಕೊಳಚೆ ನೀರು ಶುದ್ಧೀಕರಣದ ತೊಟ್ಟಿ ಮರದಿಂದ ಆರು ಮೀಟರಿಗೇ ಇದೆ.

ಉತ್ತರ: ನಿಮ್ಮ ಲೆಕ್ಕಕ್ಕೆ ವೃತ್ತ ಸುಮಾರು 13 ಮೀಟರ್ ಆಗುತ್ತದೆ. ತೊಟ್ಟಿಯನ್ನು ರಸ್ತೆಯ ಕಡೆಗೆ, ಹಳೆಯ ಒಲೆಮನೆ ಇದ್ದಲ್ಲಿಗೆ ಸರಿಸಲು ಹೇಳಿ. ಅಲ್ಲಿ ಹೇಗೂ ಬೇರುಗಳಿಲ್ಲ. ಹೊಸ ನಕ್ಷೆ ಕೈಸೇರುವವರೆಗೆ ಸಹಿ ಹಾಕಬೇಡಿ. ಬಂದ ಮೇಲೆ ಇಲ್ಲೇ ಹಾಕಿ, ಮಟ್ಟಗಳನ್ನು ನಾನು ನೋಡುತ್ತೇನೆ.