ನಗು ತೆಗೆದ ‘ಫ್ರೆಂಡ್ಸ್’ ವಿಡಿಯೊ: ನಮ್ಮ ಮನೆಯವರ ಗುಂಪಿನ ಚರ್ಚೆ

ಚಿಕ್ಕಪ್ಪ: ಈ ವಿಡಿಯೊ ನೋಡಿ. ‘ಫ್ರೆಂಡ್ಸ್’ ಅನ್ನುವ ಅಮೆರಿಕದ ಟಿವಿ ಹಾಸ್ಯ ಸರಣಿಯಿಂದ ನಗುವಿನ ಸದ್ದು ತೆಗೆದಿದ್ದಾರೆ. ಈಗ ಒಂದು ಮಾತಿಗಾದರೂ ನಗು ಬರುತ್ತದಾ? ಇಷ್ಟು ವರ್ಷ ಎಲ್ಲರನ್ನೂ ಮೋಸ ಮಾಡಿದ್ದಾರೆ.

ಅಕ್ಕ: ಹೌದು ಚಿಕ್ಕಪ್ಪ, ಅದರಲ್ಲಿ ಬರುವ ಆ ರಾಸ್ ಏನೋ ಹೇಳಿ ಸುಮ್ನೆ ನಿಂತುಬಿಡುತ್ತಾನೆ. ನೋಡಿದರೆ ಭಯ ಆಗುತ್ತದೆ.

ನಾನು: ಅವನು ಯಾಕೆ ನಿಲ್ಲುತ್ತಾನೆ ಅಂತ ಕೇಳಬೇಕು ಅಕ್ಕಾ. ಅದನ್ನು ಸ್ಟುಡಿಯೊದಲ್ಲಿ ಜನರನ್ನು ಕೂರಿಸಿಕೊಂಡು ಶೂಟ್ ಮಾಡಿದ್ದು. ಜನ ನಗುತ್ತಿರುವಾಗ ನಟರು ಕಾಯಲೇಬೇಕು, ಇಲ್ಲದಿದ್ದರೆ ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಈ ವಿಡಿಯೊದವರು ನಗುವನ್ನು ಅಳಿಸಿದ್ದಾರೆ, ಕಾಯುವ ಹೊತ್ತನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಹಾಡಿನಿಂದ ವಾದ್ಯಗಳನ್ನೆಲ್ಲ ತೆಗೆದು, ಗಾಯಕ ಮಧ್ಯೆ ಮಧ್ಯೆ ಯಾಕೆ ಬಾಯಿ ಮುಚ್ಚಿಕೊಂಡಿದ್ದಾನೆ ಅಂತ ಕೇಳಿದ ಹಾಗಾಯಿತು.

ಚಿಕ್ಕಪ್ಪ: ನಗಿಸೋಕೆ ಒಂದು ಮೆಷಿನ್ ಇತ್ತು ಅಂತ ಓದಿದ್ದೇನೆ. ಅದು ಸುಳ್ಳಾ?

ನಾನು: ನಿಜ, ಇತ್ತು. ಚಾರ್ಲಿ ಡಗ್ಲಸ್ ಅಂತ ಅಮೆರಿಕದ ಸಿಬಿಎಸ್ ಟಿವಿ ಸಂಸ್ಥೆಯಲ್ಲಿದ್ದ ಸೌಂಡ್ ಎಂಜಿನಿಯರ್ 1950ರ ದಶಕದಲ್ಲಿ ಮಾಡಿದ್ದು. ಟೈಪ್‌ರೈಟರ್‌ನಲ್ಲಿ ಇರುವಂಥ ಕೀಗಳು, ಒಂದು ಒತ್ತಿದರೆ ಮುಸಿಮುಸಿ ನಗು, ಇನ್ನೊಂದು ಒತ್ತಿದರೆ ಹೊಟ್ಟೆ ಹುಣ್ಣಾಗುವ ನಗು, ಸದ್ದು ಏರಿಸಿ ಇಳಿಸಲು ಕಾಲಿನ ಪೆಡಲ್. ಮುಂದೆ ಒಬ್ಬರೂ ಕೂತಿರದ ಕಾರ್ಯಕ್ರಮಗಳಿಗೂ ಆ ನಗು ಅಂಟಿಸಿದರು. ಅದು ನನಗೂ ಒಂಚೂರೂ ಹಿಡಿಸುವುದಿಲ್ಲ. ಆದರೆ ‘ಫ್ರೆಂಡ್ಸ್’ನಲ್ಲಿ ಜನ ನಗದಿದ್ದರೆ ಬರಹಗಾರರು ಅಲ್ಲೇ ನಿಂತು ಮಾತು ಬದಲಿಸಿ, ಮತ್ತೆ ಶೂಟ್ ಮಾಡಿಸುತ್ತಿದ್ದರು. ಎದುರಿಗೆ ಜನ ಇದ್ದರೆ ಮಾತ್ರ ಇದು ಸಾಧ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಣ್ಣ: ‘ಮ್ಯಾಶ್’ ಅನ್ನುವ ಅಮೆರಿಕದ ಹಾಸ್ಯ ಸರಣಿ ಯಾರಾದರೂ ನೋಡಿದ್ದೀರಾ? ಕೊರಿಯಾ ಯುದ್ಧದ ಆಸ್ಪತ್ರೆಯೊಂದರ ಕತೆ, 1972ರಿಂದ 1983ರವರೆಗೆ ಬಂತು. ಮಾಡುವವರಿಗೆ ನಗು ಬೇಡವಾಗಿತ್ತು, ಚಾನೆಲ್‌ನವರು ಬೇಕೇ ಬೇಕು ಅಂದರು. ಕೊನೆಗೆ ಆಪರೇಷನ್ ಕೋಣೆಯ ದೃಶ್ಯಗಳಿಗೆ ಹಾಕುವುದು ಬೇಡ ಅಂತ ಆಯಿತು. ಬಿಬಿಸಿಯವರು ನಗು ತೆಗೆದೇ ತೋರಿಸಿದರು.

ಅಕ್ಕ: ಅದಕ್ಕೇ ನನಗೆ ಬ್ರಿಟನ್ನಿನ ‘ದಿ ಆಫೀಸ್’ ಸರಣಿ ಇಷ್ಟ, 2001ರದ್ದು. ಅದರಲ್ಲಿ ಜನರ ನಗುವಿನ ಸದ್ದೇ ಇಲ್ಲ. ಈಗ ನಗಿ ಅಂತ ಯಾರೂ ಹೇಳಿಕೊಡುವುದಿಲ್ಲ. ಆ ಬಾಸ್ ಜೋಕ್ ಮಾಡಿದಾಗ ಸುತ್ತ ಇರುವವರ ಮುಖ ನೋಡಿದರೆ ಸಾಕು.

ನಾನು: ನನಗೂ ಅದು ಪ್ರಾಣ ಅಕ್ಕಾ. ಆದರೆ ಅದನ್ನು ಬರೆಯುವಾಗಲೇ ಆ ಮುಜುಗರದ ಮೌನಕ್ಕೆ ಜಾಗ ಬಿಟ್ಟು ಬರೆದಿದ್ದಾರೆ. ಅಲ್ಲಿ ನಗು ಸೇರಿಸಿದರೆ ಅದೂ ಕೆಡುತ್ತದೆ, ಇಲ್ಲಿ ತೆಗೆದರೆ ಇದೂ ಕೆಡುತ್ತದೆ.

ಚಿಕ್ಕಪ್ಪ: ಹಾಡೂ ಹಾಗೇ ಆಗಿದೆ ಬಿಡು. ಹಾಡಿದವರ ಶ್ರುತಿ ಸರಿಮಾಡುವ ಆ ಸಾಫ್ಟ್‌ವೇರ್, ಆಟೊಟ್ಯೂನ್, ಬಂದ ಮೇಲೆ ಶ್ರುತಿ ಸೇರದವರೆಲ್ಲ ಗಾಯಕರು.

ನಾನು: ಇಲ್ಲಿ ಅರ್ಧ ಒಪ್ಪುತ್ತೇನೆ. ಹಾಡಲು ಬರದವರನ್ನು ಮುಚ್ಚಿಡಲು ಬಳಸುವುದು ಜಾಸ್ತಿ ಆಗಿದೆ, ಧ್ವನಿಯಲ್ಲಿ ಉಸಿರೇ ಇರುವುದಿಲ್ಲ. ಆದರೆ ಅದು 1997ರಲ್ಲಿ ಮಾರುಕಟ್ಟೆಗೆ ಬಂತು, ಮರುವರ್ಷವೇ ಅಮೆರಿಕದ ಗಾಯಕಿ ಶೇರ್ ಅದನ್ನು ಬಳಸಿ ‘ಬಿಲೀವ್’ ಹಾಡಿದರು. 1960ರ ದಶಕದಿಂದ ಹಾಡುತ್ತಿದ್ದವರು, ಶ್ರುತಿ ಸರಿಮಾಡಿಸಿಕೊಳ್ಳುವ ಗತಿ ಅವರಿಗೆ ಇರಲಿಲ್ಲ. ಧ್ವನಿ ಹಾಗೆ ಮುರಿದು ಮುರಿದು ಬರುವುದು ಬೇಕಂತಲೇ ಮಾಡಿದ್ದು, ಎಲ್ಲರಿಗೂ ಕೇಳಿಸಲಿ ಅಂತಲೇ ಮಾಡಿದ್ದು. ಅದರಲ್ಲಿ ಮೋಸ ಎಲ್ಲಿದೆ?

ಅಣ್ಣ: ‘ಫ್ರೆಂಡ್ಸ್’ ಟೈಟಲ್ ಹಾಡೂ ಮೊದಲು ಒಂದು ನಿಮಿಷದ್ದೂ ಇರಲಿಲ್ಲ. ರೇಡಿಯೊದವರು ಅದನ್ನೇ ಜೋಡಿಸಿ ಹಾಕಿದರು, ಜನ ಮತ್ತೆ ಮತ್ತೆ ಕೇಳಿದರು, ಆಮೇಲೆ ಪೂರ್ತಿ ಹಾಡು ಮಾಡಿದರು.

ನಾನು: ನನಗೆ ಅದಕ್ಕಿಂತ ‘ಸೈನ್‌ಫೆಲ್ಡ್’ ಅನ್ನುವ ಹಾಸ್ಯ ಸರಣಿಯ ಸಂಗೀತ ದೊಡ್ಡದು. ಶುರುವಿನಲ್ಲಿ ನಾಯಕ ಜೆರ್ರಿ ಸೈನ್‌ಫೆಲ್ಡ್ ಜೋಕ್ ಹೇಳುತ್ತಾನಲ್ಲ, ಆ ಮಾತಿನ ಓಟ ನೋಡಿಕೊಂಡು ಸಂಗೀತಗಾರ ಜೊನಾಥನ್ ವುಲ್ಫ್ ಪ್ರತಿ ಕಂತಿಗೂ ಸಂಗೀತವನ್ನು ಬೇರೆ ಬೇರೆಯಾಗಿ ಹೊಂದಿಸುತ್ತಿದ್ದರು. ಬಾಯಿಯಲ್ಲಿ ಚಟ್ ಅನ್ನಿಸುವ ಸದ್ದು, ಬಾಸ್ ಗಿಟಾರ್ ಥರದ ಸಿಂಥಸೈಜರ್, ಅಷ್ಟೇ. ಮಾತು, ನಗು, ಸಂಗೀತ ಮೂರೂ ಒಂದಕ್ಕೊಂದು ದಾರಿ ಬಿಡುತ್ತವೆ. ಅದರಲ್ಲಿ ಒಂದನ್ನು ಕಿತ್ತು ಹಾಕಿ ಉಳಿದದ್ದು ಚೆನ್ನಾಗಿಲ್ಲ ಅನ್ನುವುದು ಯಾವ ನ್ಯಾಯ?

ಚಿಕ್ಕಪ್ಪ: ಮಿಸ್ಟರ್ ಬೀನ್‌ಗೆ ಇದ್ಯಾವುದೂ ಬೇಕಿಲ್ಲ.

ನಾನು: ಅದರಲ್ಲೂ ಜನರ ನಗು ಇದೆ ಚಿಕ್ಕಪ್ಪ, ಇನ್ನೊಂದು ಸಲ ಕೇಳಿ ನೋಡಿ. ತೆಗೆದರೂ ನಡೆಯುತ್ತದೆ, ಯಾಕಂದರೆ ಅಲ್ಲಿ ಮಾತೇ ಕಡಿಮೆ.

ಚಿಕ್ಕಪ್ಪ: ಸರಿ, ನಗುವಿನ ವಿಷಯ ಬಿಟ್ಟೆ. ಆಟೊಟ್ಯೂನ್ ಮಾತ್ರ ಒಪ್ಪುವುದಿಲ್ಲ ಕಣೋ.

ಅಕ್ಕ: ಸಾಕು, ಆ ದೃಶ್ಯ ನಗು ಇರುವ ಹಾಗೇ ಹಾಕು, ನೋಡೋಣ.