ಪದಚರ್ಚೆ: ‘ಕೂಳು’ ಬೈಗುಳವಾಗಿದ್ದು ಹೇಗೆ?

ಎಲ್ಲರಿಗೂ ನಮಸ್ಕಾರ.

ನಮ್ಮೂರು ಸಿಂಧನೂರು ತಾಲ್ಲೂಕಿನಲ್ಲಿದೆ. ಹೋದ ಮಳೆಗಾಲದಲ್ಲಿ ಭತ್ತದ ನಾಟಿ ನಡೆದಾಗ ಮಗಳೂ ಗದ್ದೆಗೆ ಬಂದಿದ್ದಳು. ಮಧ್ಯಾಹ್ನ ಕೂಲಿ ಹೆಣ್ಣುಮಕ್ಕಳು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ಅವರಲ್ಲಿ ಹಿರಿಯಾಕೆ ಇವಳನ್ನು ನೋಡಿ, “ಬಾರವ್ವ, ಒಂದ್ ತುತ್ತು ಕೂಳು ಉಣ್ಣು ಬಾ” ಅಂತ ಕರೆದರು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಸ್ವಲ್ಪ ಅನ್ನ. ಮಗಳು ಹೊಟ್ಟೆ ತುಂಬ ಉಂಡು ಬಂದಳು.

ಆಮೇಲೆ ಶಾಲೆಯ ಪ್ರಬಂಧದಲ್ಲಿ “ಅಜ್ಜಿ ನನಗೆ ಕೂಳು ಕೊಟ್ಟರು” ಅಂತ ಬರೆದಳು. ಮಾಸ್ತರು ಆ ಪದಕ್ಕೆ ಕೆಂಪು ಗೆರೆ ಎಳೆದು, ಮೇಲೆ ‘ಊಟ’ ಎಂದು ಬರೆದಿದ್ದರು. ಪಕ್ಕದಲ್ಲಿ ‘ಅಸಭ್ಯ ಪದ’ ಎಂದಿತ್ತು. ಮಗಳು ನೋಟ್‌ಬುಕ್ ತಂದು ನನ್ನನ್ನು ಕೇಳಿದಳು: “ಅಪ್ಪಾ, ಆ ಅಜ್ಜಿ ನನಗೆ ಬೈದ್ರಾ?”

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಪ್ರೀತಿಯಿಂದ ಕರೆದು ಉಣಿಸಿದ ಮಾತು ಅದು. ಬೈಗುಳ ಹೇಗಾಯ್ತು?

ಹಳಗನ್ನಡದಲ್ಲಿ ಇದು ‘ಕೂೞ್’. ಕಿಟ್ಟೆಲ್ ಅವರ 1894ರ ನಿಘಂಟನ್ನು ತೆಗೆದು ನೋಡಿ. ಬೇಯಿಸಿದ ಅಕ್ಕಿ, ಊಟ ಎಂಬ ಅರ್ಥ ಸಿಗುತ್ತದೆ. ಅಂದರೆ ಇವತ್ತು ನಾವು ಅನ್ನ ಅನ್ನುವುದನ್ನೇ ಕೂಳು ಅನ್ನುತ್ತಿದ್ದರು. ಕನ್ನಡದಲ್ಲಿ ‘ೞ’ ಅಕ್ಷರ ಬಿದ್ದುಹೋದ ಮೇಲೆ ಅದು ‘ಳ’ ಆಯಿತು, ಅಷ್ಟೇ. ತಣ್ಣಗಾದ ಕೂಳು ತಂಗೂಳು. ತಮಿಳರ ‘ಕೂೞ್’ ಎಂದರೆ ಗಂಜಿ. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿ ಮುಂದೆ ಅದನ್ನು ದೊಡ್ಡ ಹಂಡೆಗಳಲ್ಲಿ ಕಾಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ತೆಲುಗಿನಲ್ಲಿ ಅದೇ ಪದ ‘ಕೂಡು’. ಊಟ, ಮನೆ, ಬಟ್ಟೆ ಎನ್ನುವುದಕ್ಕೆ ಅವರು ‘ಕೂಡು, ಗೂಡು, ಗುಡ್ಡ’ ಅನ್ನುತ್ತಾರೆ. ಭಾಷಣದಲ್ಲೂ ಈ ಮಾತು ಬರುತ್ತದೆ, ಯಾರೂ ಅಸಭ್ಯ ಅನ್ನುವುದಿಲ್ಲ. ನನ್ನ ತಾಯಿಯ ತವರು ಸಿರುಗುಪ್ಪದ ಕಡೆ. ಅಲ್ಲಿ ಪಕ್ಕದ ಮನೆಯ ತೆಲುಗರ ‘ಕೂಡು’ ಕೇಳಿಕೊಂಡೇ ನಾನು ಬೆಳೆದೆ.

ಹಾಗಾದರೆ ಕನ್ನಡದಲ್ಲಿ ಮಾತ್ರ ಇದು ಯಾಕೆ ಕೆಳಗೆ ಬಿತ್ತು? ನನಗೆ ಕಾಣುವುದು ಇಷ್ಟು. ಪದ ಕೆಡಲಿಲ್ಲ. ಅದನ್ನು ಆಡುತ್ತಿದ್ದವರನ್ನು ಕೀಳಾಗಿ ಕಂಡರು. ‘ಅನ್ನ’ ಸಂಸ್ಕೃತದಿಂದ ಬಂದದ್ದು. ಅಲ್ಲಿ ಅದಕ್ಕೆ ತಿನ್ನುವಂಥದ್ದು, ಆಹಾರ ಎಂಬ ಅರ್ಥ. ಓದಿದವರ, ಉಳ್ಳವರ ಮನೆಯಲ್ಲಿ ಅದು ಬೆಂದ ಅಕ್ಕಿಗೆ ಹೆಸರಾಯಿತು. ಕೂಳು ಹೊಲದಲ್ಲಿ ದುಡಿಯುವವರ ಬಾಯಲ್ಲಿ ಉಳಿಯಿತು. ಆಮೇಲೆ ‘ಬಿಟ್ಟಿ ಕೂಳು’, ‘ಎಂಜಲು ಕೂಳು’, ‘ಕೂಳಿಗೆ ದಂಡ, ಭೂಮಿಗೆ ಭಾರ’ ಇಂಥವೇ ಜಾಸ್ತಿ ಕಿವಿಗೆ ಬಿದ್ದವು. ಅನ್ನವನ್ನು ‘ಉಣ್ಣುತ್ತಾರೆ’, ಕೂಳನ್ನು ‘ತಿನ್ನುತ್ತಾರೆ’ ಎಂಬ ಭೇದವೂ ಹುಟ್ಟಿತು. ಆ ಅಜ್ಜಿ ಮಾತ್ರ ಕೂಳು ‘ಉಣ್ಣು’ ಅಂದರು, ಗಮನಿಸಿ.

ನಮ್ಮ ಎಡೆದೊರೆ ನಾಡಿನಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲ ಜೋಳ, ಸಜ್ಜೆ, ನವಣೆಯ ನೆಲ. ನಮ್ಮ ಅಜ್ಜಿಯ ಕಾಲದಲ್ಲಿ ಅಕ್ಕಿ ಬೇಯುತ್ತಿದ್ದದ್ದು ಹಬ್ಬಕ್ಕೆ, ಬೀಗರು ಬಂದರೆ. ಉಳಿದ ದಿನ ರೊಟ್ಟಿ, ನುಚ್ಚು, ಸಂಗಟಿ, ಅಂಬಲಿ. 1953ರಲ್ಲಿ ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಕಾಲುವೆ ಮಾಡಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಸೋನಾ ಮಸೂರಿ ಎಲ್ಲರ ಮನೆಗೂ ಬಂತು. 2013ರಲ್ಲಿ ಸರ್ಕಾರ ಅಗ್ಗದ ಅಕ್ಕಿಯ ಯೋಜನೆಗೆ ‘ಅನ್ನಭಾಗ್ಯ’ ಎಂದು ಹೆಸರಿಟ್ಟಿತು. ಹಸಿದವರಿಗೆ ಅಕ್ಕಿ ಸಿಕ್ಕಿದ್ದು ದೊಡ್ಡ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದಕ್ಕೆ ಏನಾಯಿತು ನೋಡಿ. ಅನ್ನ ಅಂದರೆ ಅಕ್ಕಿ, ಅನ್ನ ಅಂದರೇ ಊಟ ಎನ್ನುವುದು ಗಟ್ಟಿಯಾಯಿತು. ಹಾಗಾದರೆ ರೊಟ್ಟಿ ಏನು? ನುಚ್ಚು ಏನು?

ಈ ಜಗಳ ಹಳೆಯದು. 16ನೇ ಶತಮಾನದಲ್ಲೇ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಯನ್ನು ರಾಮನ ಮುಂದೆ ನಿಲ್ಲಿಸಿದರು. ಅಲ್ಲಿ ಭತ್ತ ರಾಗಿಯನ್ನು ಕೀಳು ಜನರ ತಿನಿಸು ಅಂತ ಹಳಿಯುತ್ತದೆ. ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಗಟ್ಟಿಯಾಗಿ ಉಳಿದದ್ದು ರಾಗಿ.

ಪದ ಮೇಲೆ ಏರುವುದೂ ಉಂಟು. ನವಣೆ, ಸಾವೆ, ಹಾರಕಗಳನ್ನು ಪುಸ್ತಕಗಳಲ್ಲಿ ‘ತೃಣಧಾನ್ಯ’ ಅಂತ ಬರೆಯುತ್ತಿದ್ದರು. ತೃಣ ಅಂದರೆ ಹುಲ್ಲು. ಪಟ್ಟಣದವರು ಪ್ಯಾಕೆಟ್ ಕೊಂಡು ತಿನ್ನಲು ಶುರು ಮಾಡಿದ ಮೇಲೆ ಅವೇ ‘ಸಿರಿಧಾನ್ಯ’ ಆದವು. 2023ರ ಕೇಂದ್ರ ಬಜೆಟ್‌ನಲ್ಲಿ ‘ಶ್ರೀ ಅನ್ನ’ ಎಂದೂ ಆಯಿತು. ಕಾಳು ಅದೇ, ಉಣ್ಣುವವರು ಬದಲಾದರು. ‘ಬೋನ’ವನ್ನೇ ತೆಗೆದುಕೊಳ್ಳಿ. ‘ಭೋಜನ’ದಿಂದ ಆದ ಪದ. ದೇವಿಗೆ ಎಡೆಯಾಗಿ ಹೋದದ್ದರಿಂದ ಅದರ ಮರ್ಯಾದೆ ಉಳಿಯಿತು. ಹೈದರಾಬಾದಿನ ಬೋನಾಲು ಹಬ್ಬದ ಹೆಸರೂ ಇದರಿಂದಲೇ ಬಂದದ್ದು.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಕೂಲಿ ಮತ್ತು ಕೂಳು ಒಂದೇ ಬೇರಿನವು ಅಂತ ಬಹಳ ಜನ ನಂಬುತ್ತಾರೆ. ಕೂಲಿಯಲ್ಲಿರುವುದು ಮೊದಲಿನಿಂದಲೂ ‘ಲ’. ಕೂಳಿನಲ್ಲಿದ್ದದ್ದು ‘ೞ’. ತಮಿಳಿನಲ್ಲೂ ಇವು ಬೇರೆ ಬೇರೆ ಪದಗಳು. ಕೂಲಿಯನ್ನು ಕಾಳಿನಲ್ಲೇ ಅಳೆದು ಕೊಡುತ್ತಿದ್ದ ಕಾಲದಲ್ಲಿ ಬದುಕಿನಲ್ಲಿ ಎರಡೂ ಹತ್ತಿರ ಇದ್ದವು, ನಿಜ. ಆದರೆ ಹುಟ್ಟು ಬೇರೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ಮಾನ್ವಿ, ದೇವದುರ್ಗ, ಕುಷ್ಟಗಿ, ಯಲಬುರ್ಗಾ, ಸಂಡೂರು ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಕೂಳು ಎಂಬ ಪದವನ್ನು ಬೈಗುಳವಲ್ಲದೆ ಬಳಸುತ್ತಾರಾ? ಯಾರು, ಯಾವ ವಯಸ್ಸಿನವರು? ಅದು ಅಕ್ಕಿಯ ಅನ್ನಕ್ಕೆ ಮಾತ್ರವೋ, ಜೋಳದ ನುಚ್ಚಿಗೂ ಸಂಗಟಿಗೂ ಸಲ್ಲುತ್ತದೋ? ಕೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಅನ್ನಕ್ಕೆ ‘ಬಾನ’ ಅನ್ನುವವರು ಇದ್ದರೆ ಅದರ ಬಳಕೆಯನ್ನೂ ತಿಳಿಸಿ.

ನಿಮ್ಮ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮಾಸ್ತರನ್ನು ಕಂಡು ಮಾತಾಡುವವನಿದ್ದೇನೆ. ಮಗಳಿಗೆ ಮಾತ್ರ ಅವತ್ತೇ ಉತ್ತರ ಕೊಟ್ಟೆ: ಇಲ್ಲವ್ವ, ಆ ಅಜ್ಜಿ ನಿನ್ನನ್ನ ಊಟಕ್ಕೆ ಕರೆದರು.